ಅರಳಿದ ಹೂವು ನೋಡೋಕೆ ಬಂದವನು

ಶ್ರೀರಂಗಪಟ್ಟಣದ ಹತ್ತಿರ ನಮ್ಮ ಸೋದರಮಾವನಿಗೆ ಮುಕ್ಕಾಲು ಎಕರೆ ಮಲ್ಲಿಗೆ ತೋಟ ಇದೆ. ಈ ಸಲ ಮೇ ಮೊದಲ ವಾರ ಊರಿಗೆ ಬಂದಾಗ ಅದನ್ನು ಮಗಳಿಗೆ ತೋರಿಸಬೇಕು ಅನ್ನಿಸಿತು. ಮೈಸೂರಿನ ಮನೆಯಲ್ಲಿ ನಿಧಾನಕ್ಕೆ ತಿಂಡಿ ಮುಗಿಸಿ, ಕ್ಯಾಮೆರಾ ಹಿಡಿದು ಹೊರಟೆವು. ತೋಟ ಮುಟ್ಟಿದಾಗ ಹತ್ತು ಗಂಟೆ. ನೋಡಿದರೆ ಬರೀ ಹಸಿರು. ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ಅಷ್ಟೇ. ಮಾವ ಬೇವಿನ ಮರದ ಕೆಳಗೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

"ಹೂವೆಲ್ಲಿ ಮಾವ?"

"ಮಾರ್ಕೆಟ್ಟಿಗೆ ಹೋಗಿ ಮೂರು ಗಂಟೆ ಆಯ್ತು. ನೀನೇನ್ಲಾ, ಈಗ ಎದ್ಯಾ?"

"ಅಲ್ಲ, ತೋಟದಲ್ಲಿ ಅರಳಿರೋದು ನೋಡೋಣ ಅಂತ..."

ಮಾವ ನಕ್ಕರು. "ತೋಟದಲ್ಲೇ ಅರಳಿಬಿಟ್ರೆ ನಾನು ಮುಳುಗ್ದೆ ಅಂತ ಕಣ್ಲಾ."

ಮಗಳೂ ನಕ್ಕಳು. ನನಗೆ ಅದು ಜಾಸ್ತಿ ಚುಚ್ಚಿತು.

ನಾನು ನೆದರ್‌ಲ್ಯಾಂಡ್ಸಿನಲ್ಲಿ ಇದ್ದು ಹನ್ನೊಂದು ವರ್ಷ ಆಯಿತು. ಊರಿಗೆ ಹೊರಡುವ ವಾರದ ಮುಂಚೆ ತಾನೇ ಲಿಸ್ಸೆ ಊರಿನ ಕ್ಯೂಕನ್‌ಹಾಫ್‌ಗೆ ಹೋಗಿ ಬಂದಿದ್ದೆವು. ಟುಲಿಪ್ ತೋಟ ಅಂದರೆ ಅದು. ಸುಮಾರು 80 ಎಕರೆ, ಪ್ರತಿ ವರ್ಷ 70 ಲಕ್ಷ ಗೆಡ್ಡೆ ನೆಡುತ್ತಾರೆ. ಗೆಡ್ಡೆ ಬೆಳೆಯುವವರು ತಮ್ಮ ಮಾಲು ತೋರಿಸೋಕೆ ಅಂತ ಶುರು ಮಾಡಿದ ಜಾಗ, 1950ರಿಂದ ಜನರಿಗೆ ತೆರೆದಿದೆ. ವರ್ಷದಲ್ಲಿ ಬಾಗಿಲು ತೆಗೆಯುವುದು ಎಂಟೇ ವಾರ, ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ. ತಲೆಗೆ ಇಪ್ಪತ್ತು ಯೂರೋ ಹತ್ತಿರ ಟಿಕೆಟ್. ಅದನ್ನೂ ಇಂಥ ದಿನ, ಇಷ್ಟು ಗಂಟೆಗೆ ಅಂತ ಮೊದಲೇ ಬುಕ್ ಮಾಡಬೇಕು. ಬಸ್ಸಿಗೆ ಕ್ಯೂ, ಕಾಫಿಗೆ ಕ್ಯೂ. ಆದರೂ ಆ ಜನ ಹೂವು ನೋಡುವ ರೀತಿ ಇದೆಯಲ್ಲ, ಅದಕ್ಕೆ ನಾನು ಪ್ರತಿ ವರ್ಷ ಸೋಲುತ್ತೇನೆ. ವಯಸ್ಸಾದ ಗಂಡ ಹೆಂಡತಿ ಬೆಂಚಿನ ಮೇಲೆ ಕೂತು ಒಂದೇ ಮಡಿಯನ್ನು ಅರ್ಧ ಗಂಟೆ ನೋಡುತ್ತಾರೆ. ಮಾತಿಲ್ಲ. ಒಂದು ಎಸಳಿಗೂ ಕೈ ಹಾಕುವುದಿಲ್ಲ.

ನಮ್ಮ ಅಮ್ಮ ಎರಡು ವರ್ಷದ ಹಿಂದೆ ಬಂದಿದ್ದರು. ಅವರನ್ನೂ ಆ ಕಡೆ ಕರೆದುಕೊಂಡು ಹೋಗಿದ್ದೆ. ದಾರಿಯಲ್ಲಿ ಒಬ್ಬ ಬೆಳೆಗಾರನ ಹೊಲ. ಅಂಚಿನಲ್ಲಿ ಹಗ್ಗ, ಒಳಗೆ ಬರಬೇಡಿ ಅಂತ ಬೋರ್ಡು. ಅಮ್ಮ ಹಗ್ಗ ದಾಟಲಿಲ್ಲ, ಪಾಪ. ಬಗ್ಗಿ, ಕೈ ಚಾಚಿ, ಮುರಿದು ಬಿದ್ದಿದ್ದ ಒಂದು ಕೆಂಪು ಹೂವನ್ನು ಎತ್ತಿಕೊಂಡರು. ಮೂಸಿ ನೋಡಿ, "ವಾಸನೇನೇ ಇಲ್ವಲ್ಲೋ" ಅಂದರು. ದೂರದಿಂದ ಒಬ್ಬ ಕೂಗಿದ. ನಾನು ಕೈ ಮುಗಿಯೋದು ಒಂದು ಬಾಕಿ. ಅಮ್ಮನದು ಒಂದೇ ಮಾತು: "ಬಿದ್ದಿದ್ದು ತಾನೇ? ದೇವರಿಗೆ ಅಂತ ತಗೊಂಡೆ."

ಮರುದಿನ ಸೂಪರ್‌ಮಾರ್ಕೆಟ್ಟಿನಿಂದ ಹತ್ತು ಟುಲಿಪ್ ಇರುವ ಒಂದು ಕಟ್ಟು ತಂದು ಕೊಟ್ಟೆ. ಅಮ್ಮ ಕತ್ತರಿ ತೆಗೆದುಕೊಂಡು ಹತ್ತಕ್ಕೆ ಹತ್ತೂ ತಲೆ ಕತ್ತರಿಸಿ ಚಾಮುಂಡಿ ಫೋಟೋ ಮುಂದೆ ಸಾಲಾಗಿ ಇಟ್ಟರು. ಉದ್ದ ದಂಟೆಲ್ಲ ಕಸದ ಬುಟ್ಟಿಗೆ. ಮಗಳು ಅಳುವುದೊಂದು ಬಾಕಿ. ಮನೆಯೊಳಗಿನ ಬಿಸಿಗೆ ಅವು ಸಂಜೆ ಹೊತ್ತಿಗೆ ಬಟ್ಟಲಿನ ಹಾಗೆ ಬಾಯಿ ಬಿಟ್ಟವು. "ನೋಡು, ಅರಿಶಿನ ಕುಂಕುಮ ಇಡೋಕೆ ಎಷ್ಟು ಚೆನ್ನಾಗಿದೆ" ಅಂತ ಅಮ್ಮನಿಗೆ ಖುಷಿ.

ಅವತ್ತಿಂದ ನನ್ನ ತಲೆಯಲ್ಲಿ ಇದು ಕೊರೆಯುತ್ತಿದೆ. ನಾವು ಹೂವನ್ನು ನೋಡುವುದೇ ಇಲ್ಲ. ಮುಡಿಯುತ್ತೇವೆ, ಏರಿಸುತ್ತೇವೆ, ಆರತಿ ತಟ್ಟೆಗೆ ಇಡುತ್ತೇವೆ, ಹೆಣದ ಮೇಲೆ ಹಾಕುತ್ತೇವೆ, ಲಾರಿಯ ಗಾಜಿಗೆ ನೇತು ಹಾಕುತ್ತೇವೆ. ನೋಡುವುದು ಮಾತ್ರ ಇಲ್ಲ. ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ನಿಂತು ಗಮನಿಸಿ. ಯಾರ ಕಣ್ಣೂ ಹೂವಿನ ಮೇಲಿಲ್ಲ, ಎಲ್ಲರ ಕಣ್ಣೂ ಮಾರುವವಳ ಕೈ ಮೇಲೆ. ಮೊಳ ಹಾಕುವಾಗ ಬೆರಳು ಮಡಚಿದಳಾ? ಮಾರು ಹಾಕುವಾಗ ಕೈ ಪೂರ್ತಿ ಚಾಚಿದಳಾ? "ಉದ್ದ ಕೈಯೋಳ ಹತ್ರ ತಗೋ" ಅಂತ ಅಮ್ಮ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಹೂವಿನ ಬಗ್ಗೆ ನನಗೆ ಸಿಕ್ಕ ಪಾಠ ಅಷ್ಟೇ.

ದಸರೆಗೆ ಕುಪ್ಪಣ್ಣ ಪಾರ್ಕಿನಲ್ಲಿ ಫಲಪುಷ್ಪ ಪ್ರದರ್ಶನ ಇಲ್ವಾ ಅಂತ ನೀವು ಕೇಳಬಹುದು. ಇದೆ. ಆದರೆ ಅಲ್ಲಿ ಜನ ಮುಗಿಬೀಳುವುದು ಹೂವನ್ನು ಚುಚ್ಚಿ ಚುಚ್ಚಿ ಮಾಡಿದ ಗೋಪುರ, ಆನೆ, ಕಟ್ಟಡದ ಮುಂದೆ. ಸುಮ್ನೆ ಮಡಿಯಲ್ಲಿ ನಿಂತ ಗಿಡದ ಮುಂದೆ ಯಾರೂ ಇಲ್ಲ.

ಮೈಸೂರು ಮಲ್ಲಿಗೆಗೆ ಇದು ಈ ಸೀಮೆಯದೇ ಅನ್ನುವ ಭೌಗೋಳಿಕ ಗುರುತಿನ (ಜಿಐ) ಪಟ್ಟ ಇದೆ. ಸೋಪು, ಊದುಬತ್ತಿಯ ಮೇಲೆ ಅದರ ಹೆಸರಿದೆ. ಮೈಸೂರಿಗೆ ಬಂದವರು ಅರಮನೆ ನೋಡುತ್ತಾರೆ, ಬೃಂದಾವನದಲ್ಲಿ ಕಾರಂಜಿ ನೋಡುತ್ತಾರೆ. ಮಲ್ಲಿಗೆ ತೋಟ ಎಲ್ಲಿ ಅಂದರೆ ಆಟೋದವರಿಗೇ ಗೊತ್ತಿಲ್ಲ. ಇರುವ ತೋಟಗಳೂ ಒಂದೊಂದಾಗಿ ಲೇಔಟ್ ಆಗುತ್ತಿವೆ. ಮಾವನ ತೋಟದ ಆಚೆ ಬದಿಯಲ್ಲೇ ಕಲ್ಲು ನೆಟ್ಟು ಸುಣ್ಣ ಬಳಿದಿದ್ದಾರೆ.

ಅದಕ್ಕೇ ಮಾವನಿಗೆ ಹೇಳಿದೆ. "ನೀವೂ ಟಿಕೆಟ್ ಇಡಿ. ಮಾರ್ಚಿಂದ ಜೂನ್‌ವರೆಗೆ, ತಲೆಗೆ ಐವತ್ತು ರೂಪಾಯಿ. ಬೆಂಗಳೂರಿನವರು ಸಾಲುಗಟ್ಟಿ ಬರ್ತಾರೆ. ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಹೊಲದಲ್ಲಿ ಫೋಟೋಗೆ ದುಡ್ಡು ಇಸ್ಕೊಳ್ತಾರಲ್ಲ, ಹಂಗೆ."

"ಸೂರ್ಯಕಾಂತಿ ಹಗಲೊತ್ತು ನಿಂತಿರ್ತದೆ. ಇದು ನಿಲ್ತದಾ?" ಅಂದರು ಮಾವ.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕು ಅಂದರೆ, ಮಲ್ಲಿಗೆ ಗಿಡದ ಮೇಲೆ ಅರಳುವುದಕ್ಕೆ ಅಂತ ಬೆಳೆದ ಬೆಳೆಯೇ ಅಲ್ಲ. ಬಲಿತು ಬೆಳ್ಳಗಾದ ಮೊಗ್ಗನ್ನು ಬಿಸಿಲೇರುವ ಮುಂಚೆ ಬಿಡಿಸಬೇಕು. ಅದು ಅರಳುವುದು ಸಂಜೆ, ದಾರದಲ್ಲಿ. ಯಾರದೋ ಜಡೆಯಲ್ಲಿ, ಯಾವುದೋ ಛತ್ರದಲ್ಲಿ. ಬಿಡಿಸದೆ ಉಳಿದ ಮೊಗ್ಗು ಗಿಡದಲ್ಲೇ ಅರಳಿದರೆ ಕೇಳುವವರಿಲ್ಲ. ಮದುವೆ ಸೀಸನ್ನಿನಲ್ಲಿ ಹೇಳಿದ್ದೇ ರೇಟು, ಆಷಾಢ ಬಂದರೆ ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲ. ಇಂಥದ್ದರಲ್ಲಿ ಬೆಂಚು ಹಾಕಿಕೊಂಡು ಅರ್ಧ ಗಂಟೆ ನೋಡುವುದು ಯಾರು, ಏನನ್ನು?

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದು ಸರಿಯಲ್ಲ. ಆ ಟುಲಿಪ್ ಬೆಳೆಗಾರನಿಗೂ ಹೊಲದ ಹೂವು ಬೇಡ. ಅವನಿಗೆ ಬೇಕಾದ್ದು ಮಣ್ಣಿನ ಕೆಳಗಿನ ಗೆಡ್ಡೆ. ಹೂವು ಅರಳಿ, ತಳಿ ಸರಿ ಇದೆಯಾ, ರೋಗ ಬಂದಿದೆಯಾ ಅಂತ ನೋಡಿದ ಮೇಲೆ ಮೆಷಿನ್ ಬಿಟ್ಟು ಸಾಲು ಸಾಲಾಗಿ ತಲೆ ಹಾರಿಸುತ್ತಾನೆ. ಗಿಡದ ಶಕ್ತಿಯೆಲ್ಲ ಗೆಡ್ಡೆಗೆ ಇಳಿಯಲಿ ಅಂತ. ಬೇಸಿಗೆಯಲ್ಲಿ ಗೆಡ್ಡೆ ಅಗೆದು ಮಾರುತ್ತಾನೆ. ನಮ್ಮ ಅಮ್ಮನನ್ನು ನೋಡಿ ಕೂಗಿದವನ ಹೊಲದಲ್ಲಿ ಅದಾದ ವಾರಕ್ಕೆ ಕೆಂಪು ತಲೆಗಳು ರಾಶಿ ಬಿದ್ದಿದ್ದವು. ನಾನೇ ಕಾರಿನಲ್ಲಿ ಹೋಗುವಾಗ ನೋಡಿದ್ದೆ. ಅಮ್ಮನಿಗೆ ಫೋನಿನಲ್ಲಿ ಹೇಳಲಿಲ್ಲ. ಹೇಳಿದ್ದರೆ, "ಒಂದು ಚೀಲ ತರಬಾರದಿತ್ತಾ" ಅನ್ನುತ್ತಿದ್ದರು.

ಅವತ್ತು ರಾತ್ರಿ ಮಾವನ ಮನೆಯಲ್ಲೇ ಉಳಿದೆವು. ಬೆಳಗಿನ ಜಾವ ಐದು ಗಂಟೆಗೆ ಅತ್ತೆ ಎಬ್ಬಿಸಿದರು. ಆಗಲೇ ನಾಲ್ಕು ಜನ ಹೆಂಗಸರು ಸೊಂಟಕ್ಕೆ ಮಡಿಲು ಕಟ್ಟಿಕೊಂಡು ಸಾಲಿನಲ್ಲಿ ಬಗ್ಗಿದ್ದರು. ಒಬ್ಬಾಕೆ ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು. ಎರಡೂ ಕೈ ಬೇರೆ ಬೇರೆ ಕೊಂಬೆಯಲ್ಲಿ ಓಡುತ್ತಿದ್ದವು. ನಾನು ಫೋನ್ ತೆಗೆದೆ. "ಅದನ್ನ ಒಳಗಿಟ್ಟು ಇದನ್ನ ಹಿಡ್ಕೋ" ಅಂತ ಅತ್ತೆ ಒಂದು ಸ್ಟೀಲ್ ಡಬ್ಬಿ ಕೊಟ್ಟರು.

ಒಂದೂವರೆ ಗಂಟೆ ಬಿಡಿಸಿದೆ. ಬೆನ್ನು ನನ್ನದಲ್ಲ ಅನ್ನಿಸಿತು. ಪಕ್ಕದ ಸಾಲಿನವಳ ಮಡಿಲು ಎರಡು ಸಲ ತುಂಬಿ ಬುಟ್ಟಿಗೆ ಬಿತ್ತು. ನನ್ನ ಡಬ್ಬಿಯ ತಳ ಮಾತ್ರ ಮುಚ್ಚಿತ್ತು. ಮಗಳದು ನನಗಿಂತ ಜಾಸ್ತಿ ಇತ್ತು. ತೂಕಕ್ಕೆ ಕೂತಿದ್ದ ಮಾವ ನನ್ನ ಡಬ್ಬಿಯನ್ನು ಅಂಗೈಗೆ ಸುರಿದುಕೊಂಡು, ಬೆರಳಿನಲ್ಲಿ ಆಚೆ ಈಚೆ ಸರಿಸಿ ನೋಡಿದರು. ಅರ್ಧಕ್ಕರ್ಧ ಹಸಿರು.

"ನಾಳಿದ್ದಿನ ಹೂವೆಲ್ಲ ಇವತ್ತೇ ಕಿತ್ತು ಹಾಕಿದ್ದೀಯಲ್ಲಾ" ಅಂದರು. "ನೀ ಹೇಳಿದ್ದೇ ಸರಿ ಕಣ್ಲಾ. ಟಿಕೆಟ್ ಇಡಬೇಕು. ನಿಂಗೆ."