ಸುಳ್ಳು ದುಡ್ಡು, ನಿಜವಾದ ಬಾಡಿಗೆ

ಮೈಸೂರಿನ ಸರಸ್ವತಿಪುರಂನ ಬಾಡಿಗೆ ಮನೆಯಲ್ಲಿ ಕೂತು ನಾನು ಹತ್ತು ಲಕ್ಷ ರೂಪಾಯಿಯನ್ನು ಷೇರು ಪೇಟೆಗೆ ಸುರಿದಿದ್ದೇನೆ. ಗಾಬರಿಯಾಗಬೇಡಿ. ಕಲಿಯೋಕೆ ಅಂತ ಆ್ಯಪ್‌ನವರು ಕೊಟ್ಟ ವರ್ಚುವಲ್ ದುಡ್ಡು ಅದು.

ಈ ದುಡ್ಡಿಗೆ ಕೈ ನಡುಗುವುದೇ ಇಲ್ಲ. ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆಗೆ ಐದು ರೂಪಾಯಿ ಚೌಕಾಸಿ ಮಾಡುವ ನಾನು, ಬೆಳಗ್ಗೆ 9.15ಕ್ಕೆ ಪೇಟೆ ತೆರೆದ ಕೂಡಲೇ ಎರಡು ಲಕ್ಷದ ಬ್ಯಾಂಕ್ ಷೇರು ಕೊಂಡು ಆಮೇಲೆ ಹಲ್ಲುಜ್ಜಲು ಹೋಗುತ್ತೇನೆ.

ಆ್ಯಪ್ ಕೂಡ ಧಾರಾಳಿ. ಬ್ರೋಕರೇಜ್ ಇಲ್ಲ, ಸ್ಟಾಂಪ್ ಡ್ಯೂಟಿ ಇಲ್ಲ. ನಿಜವಾದ ಪೇಟೆಯಲ್ಲಿ ಡೆಲಿವರಿ ತಗೊಂಡರೆ, ಅಂದರೆ ಷೇರನ್ನು ಅದೇ ದಿನ ಮಾರದೆ ಇಟ್ಟುಕೊಂಡರೆ, ಕೊಳ್ಳುವಾಗಲೂ ಮಾರುವಾಗಲೂ ಶೇ. 0.1ರಷ್ಟು ಎಸ್‌ಟಿಟಿ ಅನ್ನುವ ವಹಿವಾಟು ತೆರಿಗೆ ಕಟ್ಟಬೇಕು. ಅಪ್ಪರ್ ಸರ್ಕ್ಯೂಟ್ ಬಿದ್ದ, ಅಂದರೆ ಆ ದಿನಕ್ಕೆ ಏರಬಹುದಾದ ಮಿತಿ ಮುಟ್ಟಿದ ಷೇರನ್ನು ಅಲ್ಲಿ ಮಾರುವವರೇ ಸಿಗುವುದಿಲ್ಲ. ನನ್ನ ಆ್ಯಪ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಮಾರಿದವರು ಯಾರೋ, ತಾಯಿ ಚಾಮುಂಡಿಗೇ ಗೊತ್ತು.

"ನಲವತ್ತು ಸಾವಿರ ಲಾಭ ಕಣೇ!" ಅಂತ ಒಂದು ದಿನ ಹೆಂಡತಿಗೆ ಕೂಗಿ ಹೇಳಿದೆ. "ಅದರಲ್ಲಿ ಗ್ಯಾಸ್ ಸಿಲಿಂಡರ್ ಬರುತ್ತಾ?" ಅಂದಳು. ಕೆಳಗಿನ ಮನೆಯಲ್ಲಿರುವ ಮಾಲೀಕರ ಕಿವಿಗೆ ಬಿದ್ದದ್ದು ನನ್ನ ಮಾತು ಮಾತ್ರ.

ಸಂಜೆಯೇ ಮೇಲೆ ಬಂದರು. "ಬಾಡಿಗೆ ಏರಿಸಿ ತುಂಬಾ ದಿನ ಆಯ್ತು, ಅಲ್ವಾ?" ಅಂದರು. ಸಾವಿರ ಜಾಸ್ತಿ ಬೇಕಂತೆ. ನಾನು ಫೋನ್ ಹಿಡಿದು 'ವರ್ಚುವಲ್' ಅಂತ ಬರೆದಿದ್ದನ್ನು ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಓದಿದರು. "ಇದ್ಯಾವ ಬ್ಯಾಂಕು?" ಅಂದರು.

ಎಲ್ಲ ಬಿಡಿಸಿ ಹೇಳಿದ ಮೇಲೆ ಬಾಡಿಗೆ ವಿಷಯ ಮರೆತೇಬಿಟ್ಟರು. "ಸುಮ್ನೆ ಕೂತಿರ್ತೀನಿ, ನನ್ನ ಫೋನಿಗೂ ಹಾಕಿಕೊಡಿ" ಅಂದರು. ಹಾಕಿಕೊಟ್ಟೆ. ಅವರು ಷೇರಿನ ಕಡೆ ತಿರುಗಿಯೂ ನೋಡಲಿಲ್ಲ, ಬೆಲೆ ಏರುತ್ತೋ ಇಳಿಯುತ್ತೋ ಅಂತ ಬಾಜಿ ಕಟ್ಟುವಂಥ ಆಪ್ಷನ್ಸ್‌ಗೇ ನೇರ ಇಳಿದರು. ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಆಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ ಅಂತ ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ 2024ರಲ್ಲಿ ಹೇಳಿದೆ ಅಂದೆ. "ಉಳಿದ ಏಳರಲ್ಲಿ ನಾನೊಬ್ಬ ಬಿಡಿ" ಅಂದರು.

ಆಮೇಲೆ ಕುಕ್ಕರಹಳ್ಳಿ ಕೆರೆ ವಾಕಿಂಗ್ ನಿಂತಿತು. ಮಧ್ಯಾಹ್ನ 3.30ಕ್ಕೆ ಪೇಟೆ ಮುಚ್ಚುವವರೆಗೆ ಅವರಿಗೆ ಊಟ ಇಲ್ಲ. ಕೆಳಗಿನಿಂದ "ಅಯ್ಯೋ" ಕೇಳಿದರೆ ಪೇಟೆಯ ಸೂಚ್ಯಂಕ ನಿಫ್ಟಿ ಬಿದ್ದಿದೆ ಅಂತ ನಮಗೆ ಗೊತ್ತಾಗುತ್ತಿತ್ತು.

ಮೊನ್ನೆ ಮೂರು ಲಕ್ಷ ಕಳೆದುಕೊಂಡು, ಮುಖ ಇಳಿಬಿಟ್ಟುಕೊಂಡು ಬಂದರು. "ಅದು ಸುಳ್ಳು ದುಡ್ಡು ಸಾರ್" ಅಂತ ಸಮಾಧಾನ ಮಾಡಿದೆ.

"ಹೋಗಿದ್ದು ಹೋಗಿದ್ದೇ ಅಲ್ವೇನ್ರಿ? ಈ ತಿಂಗಳಿಂದ ಬಾಡಿಗೆ ಸಾವಿರದ ಐನೂರು ಜಾಸ್ತಿ."