ಬಂದಿಲ್ಲ, ಆದರೆ ಗೈರೂ ಅಲ್ಲ

ಸರ್ಕಾರಿ ನೌಕರರನ್ನು ಕೆಲಸಕ್ಕೆ ಬರುವಂತೆ ಮಾಡುವುದು ಕಷ್ಟ, ಆದರೆ ಅವರ ಗೈರುಹಾಜರಿಯನ್ನು ಮಾಯ ಮಾಡುವುದು ಬಹಳ ಸುಲಭ. ಈ ಮಹಾ ಸತ್ಯವನ್ನು ಕಂಡುಹಿಡಿದದ್ದು ರಾಜಸ್ಥಾನದ ಉದಯಪುರ ಜಿಲ್ಲೆಯ ಆರೋಗ್ಯ ಇಲಾಖೆ. ನ್ಯಾಯವಾಗಿ ನೊಬೆಲ್ ಅವರಿಗೇ ಬರಬೇಕಿತ್ತು. 2019ರಲ್ಲಿ ಅದು ಹೋಗಿದ್ದು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಮೈಕೆಲ್ ಕ್ರೆಮರ್ ಅವರಿಗೆ. ಇವರಲ್ಲಿ ಮೊದಲಿನ ಇಬ್ಬರು ಉದಯಪುರದ ಇಲಾಖೆಯ ಮುಂದೆ ಸೋತು ಬಂದವರು, ಪಾಪ.

ಕಥೆ ಇಷ್ಟು. ಅಲ್ಲಿನ ಹಳ್ಳಿಗಳ ಆರೋಗ್ಯ ಉಪಕೇಂದ್ರಗಳಿಗೆ ಹೇಳದೆ ಕೇಳದೆ ಜನ ಕಳಿಸಿ ನೋಡಿದಾಗ, ಕೆಲಸದ ಹೊತ್ತಿನಲ್ಲೇ 56% ಸಲ ಬಾಗಿಲು ಹಾಕಿತ್ತು. ಹೋಗಲಿ, ಮಂಗಳವಾರ ಬೀಗ, ಬುಧವಾರ ಬಾಗಿಲು ಅಂತ ಏನಾದರೂ ಲೆಕ್ಕ ಇದ್ದಿದ್ದರೆ ಜನ ಹೊಂದಿಕೊಳ್ಳುತ್ತಿದ್ದರು. ಅದೂ ಇಲ್ಲ. ಜ್ವರ ಬಂದವನು ಮೂರು ಮೈಲಿ ನಡೆದು ಬೀಗ ನೋಡಿ ಬರುವ ಬದಲು, ಪಕ್ಕದ ಬೀದಿಯ ಡಿಗ್ರಿ ಇಲ್ಲದ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸಿಕೊಳ್ಳುವುದೇ ವಾಸಿ ಅಂದುಕೊಂಡರೆ ತಪ್ಪೇನಿದೆ?

ಆಗ ಈ ಅರ್ಥಶಾಸ್ತ್ರಜ್ಞರು, ಸೇವಾ ಮಂದಿರ ಅನ್ನುವ ಸಂಸ್ಥೆ ಮತ್ತು ಸರ್ಕಾರ ಸೇರಿ ಒಂದು ಉಪಾಯ ಮಾಡಿದರು. ನರ್ಸ್‌ಗಳಿಗೆ ದಿನ ಮತ್ತು ಗಂಟೆಯ ಮುದ್ರೆ ಒತ್ತುವ ಯಂತ್ರ ಕೊಟ್ಟರು. ಒಬ್ಬರೇ ನರ್ಸ್ ಇರುವ ಕಡೆ ಸೋಮವಾರ ಮಾತ್ರ, ಆ ದಿನ ಮೂರು ಸಲ ಮುದ್ರೆ ಒತ್ತಬೇಕು. ಮುದ್ರೆ ಒತ್ತಬೇಕಾದ ದಿನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪಿಸಿದರೆ ಸಂಬಳ ಕಟ್. ಮೊದಲ ಕೆಲವು ತಿಂಗಳು ಎಲ್ಲರಿಗೂ ಆಶ್ಚರ್ಯ, ನರ್ಸ್‌ಗಳು ಬರತೊಡಗಿದರು!

ಇಲಾಖೆ ಇದನ್ನು ಎಷ್ಟು ದಿನ ಅಂತ ಸಹಿಸುತ್ತೆ?

ಯಂತ್ರಗಳು ಕೆಡತೊಡಗಿದವು. ಅದಕ್ಕಿಂತ ಚೆಂದದ್ದು 'ವಿನಾಯಿತಿ ದಿನ'. ಅಂದರೆ ಇವತ್ತು ನರ್ಸಮ್ಮ ಸಭೆಗೆ ಹೋಗಿದ್ದಾರೆ, ಸರ್ವೇಗೆ ಹೋಗಿದ್ದಾರೆ, ಇನ್ನೇನೋ ಸರ್ಕಾರಿ ಕೆಲಸ ಇದೆ ಅಂತ ಮೇಲಿನವರು ಸಹಿ ಹಾಕಿದರೆ ಮುಗಿಯಿತು, ಬರಬೇಕಾಗಿಲ್ಲ, ಗೈರು ಅಂತಲೂ ಬರೆಯಬೇಕಾಗಿಲ್ಲ. ನಮ್ಮಲ್ಲಿ ಓಓಡಿ, ಅಂದರೆ 'ಅನ್ಯ ಕಾರ್ಯ ನಿಮಿತ್ತ' ಅಂತೀವಲ್ಲ, ಅದೇ. ಇಂಥ ದಿನಗಳು ಏರುತ್ತಾ ಹೋದವು. 16 ತಿಂಗಳ ಹೊತ್ತಿಗೆ ಯಂತ್ರ ಇದ್ದ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸವೇ ಉಳಿದಿರಲಿಲ್ಲ. ಖುರ್ಚಿ ಖಾಲಿ, ಕಡತ ಭರ್ತಿ. (ನರ್ಸ್‌ಗಳನ್ನೇ ಬೈದು ಕೈತೊಳೆದುಕೊಳ್ಳಬೇಡಿ. ಆ ಸಹಿ ಅವರದ್ದಲ್ಲ. ಸಹಿ ಹಾಕುವ ಸಾಹೇಬರು ಕುರ್ಚಿಯಲ್ಲಿದ್ದಾರಾ ಅಂತ ಮುದ್ರೆ ಒತ್ತುವ ಯಂತ್ರವನ್ನು ಯಾರೂ ಇಟ್ಟಿರಲಿಲ್ಲ.)

ಅದು ರಾಜಸ್ಥಾನ, ನಾವು ಐಟಿಯವರು ಅಂತ ಮೀಸೆ ತಿರುವಬೇಡಿ. ಕರ್ನಾಟಕ ಸರ್ಕಾರ 5 ಜಿಲ್ಲೆಗಳ 140 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಬ್ಬೆರಳು ಒತ್ತುವ ಯಂತ್ರವನ್ನೇ ಇಟ್ಟಿತು. ಇಕ್ಬಾಲ್ ಧಲಿವಾಲ್ ಮತ್ತು ರೇಮಾ ಹನ್ನಾ ಅನ್ನುವ ಅರ್ಥಶಾಸ್ತ್ರಜ್ಞರು ಅದರ ಲೆಕ್ಕ ಹಾಕಿದರು. ನರ್ಸ್, ಲ್ಯಾಬ್‌ನವರು, ಔಷಧಿ ಕೊಡುವವರು ಮೊದಲಿಗಿಂತ ಜಾಸ್ತಿ ಬಂದರು, ಹುಟ್ಟುವ ಕೂಸುಗಳ ತೂಕವೂ ಸ್ವಲ್ಪ ಏರಿತು. ಡಾಕ್ಟರು? ಅವರ ಹಾಜರಿ ಅಲ್ಲಾಡಲಿಲ್ಲ. ಸಂಬಳ ಹಿಡಿಯೋಣ ಅಂದರೆ, ಇರುವವರೂ ಬಿಟ್ಟು ಹೋದರೆ ಏನು ಗತಿ ಅಂತ ಸರ್ಕಾರಕ್ಕೇ ಭಯ. ಒಟ್ಟಿನಲ್ಲಿ ಸಂಬಳ ಕಮ್ಮಿ ಇರುವವರ ಹೆಬ್ಬೆರಳು ಮಾತ್ರ ಯಂತ್ರಕ್ಕೆ ಸರಿಯಾಗಿ ಕಾಣಿಸುತ್ತದೆ.

ಇದೇ ಉದಯಪುರದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಹೇಳಿದ ದಿನ ತಪ್ಪದೆ ಲಸಿಕೆ ಶಿಬಿರ ನಡೆಸಿ, ಮಗುವಿಗೆ ಲಸಿಕೆ ಹಾಕಿಸಿದವರಿಗೆ ಸಲಕ್ಕೆ ಒಂದು ಕೆಜಿ ಬೇಳೆ, ಎಲ್ಲ ಲಸಿಕೆ ಮುಗಿಸಿದರೆ ಸ್ಟೀಲ್ ತಟ್ಟೆ ಕೊಟ್ಟರು. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು 6%, ಬೇಳೆ ಕೊಟ್ಟ ಕಡೆ 39%. ಬಡವರಿಗೆ ಲಂಚ ಕೊಡೋದಾ ಅಂತ ಮೂಗು ಮುರಿದವರು ಎಷ್ಟೋ ಜನ. ಬಾರದ ದಿನಕ್ಕೂ ಸಂಬಳ ಎಣಿಸುವುದು ಮಾತ್ರ ಲಂಚ ಅಲ್ಲ, ಅದು ಸೇವಾ ನಿಯಮ. ಅಂತೂ ಅರ್ಥಶಾಸ್ತ್ರಜ್ಞರ ಬೇಳೆ ಅಮ್ಮಂದಿರ ಹತ್ತಿರ ಬೆಂದಿತು, ಜಿಲ್ಲಾ ಕಚೇರಿಯಲ್ಲಿ ಬೇಯಲಿಲ್ಲ.

ಹಾಗಾದರೆ ಒಬ್ಬ ಡಾಕ್ಟರನ್ನು ಹಳ್ಳಿಗೆ ಕರೆತರಲು ಎಷ್ಟು ಕೆಜಿ ಬೇಳೆ ಬೇಕು? ಇದನ್ನೂ ಯಾರಾದರೂ ಪರೀಕ್ಷೆ ಮಾಡಿಬಿಡಲಿ. ಇಲಾಖೆ ಖಂಡಿತ ಸಹಕರಿಸುತ್ತದೆ. ಬೇಳೆಗೆ ಟೆಂಡರ್ ಕರೆಯುತ್ತದೆ, ಸಮಿತಿ ಮಾಡುತ್ತದೆ, ಆ ಸಮಿತಿಯ ಸಭೆಯನ್ನು ಸೋಮವಾರವೇ ಇಟ್ಟು, ಎಲ್ಲ ಡಾಕ್ಟರುಗಳಿಗೂ ಓಓಡಿ ಮಂಜೂರು ಮಾಡುತ್ತದೆ.