ಜೀನ್ಸ್ ಹಾಕಿದರೆ ಒಜಿಬ್ವೆ ಅಲ್ವಂತೆ!

ನಿನ್ನೆಯಿಂದ ತಲೆ ಕೆಟ್ಟು ಕೂತಿದ್ದೇನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದಲ್ಲಿ, ಲ್ಯಾಕ್ ಡು ಫ್ಲಾಂಬೋ ಕಡೆ, ಕೆರೆ ದಂಡೆಯ ಕಾಡಿನಲ್ಲಿ ಒಜಿಬ್ವೆ ಅನ್ನುವ ಅಲ್ಲಿನ ಮೂಲನಿವಾಸಿ ಜನರ ಹಳೇ ಕಾಲದ ಹಳ್ಳಿಯೊಂದನ್ನು ಮತ್ತೆ ಕಟ್ಟಿದ್ದಾರೆ. ನಮ್ಮ ಕನ್ನಡದ ಗುಂಪು ಹೋಗಿತ್ತು. ಚಿತ್ರಾನ್ನ, ಗಲಾಟೆ, ಎಲ್ಲ ನಿಮಗೆ ಗೊತ್ತಿದ್ದದ್ದೇ.

ತೋರಿಸಲು ಬಂದವರು ಒಜಿಬ್ವೆಯವರೇ. ಜೀನ್ಸ್, ತಲೆಗೆ ಕ್ಯಾಪ್. ನಮ್ಮವರೊಬ್ಬರ ಮುಖ ಇಳಿದುಹೋಯಿತು. ‘ಗರಿ ಇಲ್ಲ, ಏನಿಲ್ಲ. ನಿಜವಾದವರು ಎಲ್ಲಿ?’

ನಿಜವಾದವರು ಎದುರಿಗೇ ಇದ್ದಾರಲ್ಲ ಸ್ವಾಮಿ!

ಅವರು ಬರ್ಚ್ ತೊಗಟೆಯ ದೋಣಿ ತೋರಿಸುತ್ತಿದ್ದರು. ಒಂದು ಮೊಳೆ ಇಲ್ಲ. ಸ್ಪ್ರೂಸ್ ಮರದ ಬೇರನ್ನು ಸೀಳಿ, ಅದೇ ದಾರದಲ್ಲಿ ಹೊಲಿಗೆ. ಹೊಲಿಗೆ ಮೇಲೆ ಮರದ ಅಂಟಿಗೆ ಕೊಬ್ಬು, ಇದ್ದಿಲ ಪುಡಿ ಬೆರೆಸಿ ಬಳಿದ ಕಪ್ಪು ಪಟ್ಟಿ. ಬೆರಳಿಟ್ಟು ನೋಡಿದೆ, ನುಣ್ಣಗಿತ್ತು. ಇಂಥ ದೋಣಿಯಲ್ಲೇ ಕೆರೆಗಿಳಿದು, ಒಂದು ಕೋಲಿನಿಂದ ವೈಲ್ಡ್ ರೈಸ್ (ನೀರಲ್ಲೇ ಬೆಳೆಯುವ ಕಾಡು ಅಕ್ಕಿ) ಪೈರು ಬಗ್ಗಿಸಿ, ಇನ್ನೊಂದರಿಂದ ತಟ್ಟಿ ಕಾಳು ಉದುರಿಸುತ್ತಿದ್ದರು. ಆಮೇಲೆ ಹುರಿಯುವುದು, ತುಳಿಯುವುದು, ಕೇರುವುದು. ಈಗಲೂ ಕೊಯ್ಯುತ್ತಾರೆ. ಆದರೆ ನಮ್ಮವರಿಗೆ ಗರಿಯದ್ದೇ ಚಿಂತೆ.

‘ದುಡ್ಡು ಕೊಟ್ಟು ಹಳೇದು ನೋಡೋಕೆ ಬಂದಿದ್ದೀವಿ, ವೇಷ ಹಾಕಿದ್ರೆ ಏನು ಕಷ್ಟ?’ ಅಂದರು. ಸರಿ, ನೀವು ನಾಳೆ ಆಫೀಸಿಗೆ ಕಚ್ಚೆಪಂಚೆ ಉಟ್ಟು ಹೋಗಿ, ಮಾತಾಡೋಣ. (ಇದನ್ನು ಅಲ್ಲೇ ಹೇಳಬೇಕಿತ್ತು. ಮನೆಯವರು ಕಾಲು ತುಳಿದರು.)

ಸುಮ್ನೆ ರೇಗುತ್ತಿಲ್ಲ. ಅಮೆರಿಕ ಸರ್ಕಾರದ ಜೊತೆಗಿನ 1837 ಮತ್ತು 1842ರ ಒಪ್ಪಂದಗಳಲ್ಲಿ ಒಜಿಬ್ವೆಯವರು ನೆಲ ಬಿಟ್ಟುಕೊಟ್ಟರು, ಆ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕು ಉಳಿಸಿಕೊಂಡರು. ರಾಜ್ಯದವರು ಅದನ್ನು ತಡೆದೇ ಬಂದರು. 1983ರಲ್ಲಿ ಫೆಡರಲ್ ಕೋರ್ಟ್ ಆ ಹಕ್ಕು ಇದೆ ಎಂದಿತು. ಆಮೇಲೆ ವಸಂತದ ರಾತ್ರಿಗಳಲ್ಲಿ ಒಜಿಬ್ವೆಯವರು ಈಟಿ ಹಿಡಿದು ಮೀನಿಗೆ ಹೋದರೆ, ದೋಣಿ ಇಳಿಸುವ ಜಾಗಗಳಲ್ಲಿ ವಿರೋಧಿಗಳು ಗುಂಪು ಸೇರಿ ಬೈದರು, ಕಲ್ಲು ತೂರಿದರು. ಅವರ ತಕರಾರು ಏನು ಗೊತ್ತಾ? ಹಕ್ಕು ಬೇಕಾದರೆ ಅಜ್ಜಂದಿರ ಹಾಗೆ ತೊಗಟೆ ದೋಣಿಯಲ್ಲಿ ಹೋಗಿ, ಮೋಟಾರು ಯಾಕೆ, ಬ್ಯಾಟರಿ ದೀಪ ಯಾಕೆ! ಹೊಸ ಸಲಕರಣೆ ಬಳಸಬಹುದು ಅಂತ ಅದನ್ನೂ ಕೋರ್ಟೇ ಹೇಳಬೇಕಾಯಿತು.

ಜೀನ್ಸ್ ಬಗ್ಗೆ ಗೊಣಗುವವರಿಗೂ ಇವರಿಗೂ ಏನು ದೂರ ಹೇಳಿ? ನಮ್ಮವರು ಕಲ್ಲು ಎತ್ತಿಕೊಳ್ಳಲಿಲ್ಲ, ಅಷ್ಟೇ.

ರಾತ್ರಿ ವಾಟ್ಸ್‌ಆ್ಯಪ್ ಗುಂಪಿಗೆ ಗರಿ ಕೇಳಿದವರ ಫೋಟೋ ಬಂತು. ಮೇಲೆ ‘ಅಳಿದುಹೋದ ಜನರ ಹಳ್ಳಿಯಲ್ಲಿ’ ಅಂತ ಬರಹ. ಫೋಟೋದಲ್ಲಿ ಪಕ್ಕಕ್ಕೇ ಆ ಕ್ಯಾಪ್ ಹಾಕಿದವರು ನಗುತ್ತಾ ನಿಂತಿದ್ದಾರೆ. ಹೃದಯದ ಗುರುತು ಒತ್ತಿದವರೆಲ್ಲ ನನ್ನ ಫ್ರೆಂಡ್ ಲಿಸ್ಟಲ್ಲೂ ಇದ್ದೀರಿ. ನೋಡಿದ್ದೇನೆ.